ಕಿಡಿಯ ವಂಶಾವಳಿ

ಹಳೆಯ ಮೋಟಾರು ಸೈಕಲ್ಲನ್ನು ಇಟ್ಟುಕೊಂಡವರಿಗೆ ಒಂದು ಅನುಭವ ತಪ್ಪಿದ್ದಲ್ಲ. ಬೆಳಗಿನ ತಂಪಿನಲ್ಲಿ ಒಂದೇ ಒದೆತಕ್ಕೆ ಎದ್ದ ಗಾಡಿ ಊರಿನ ಹೊರಗಿನವರೆಗೂ ಸೊಗಸಾಗಿ ನಡೆಯುತ್ತದೆ. ಆಮೇಲೆ ಎಲ್ಲಿಯೋ ಒಂದು ಬಡಿತ ತಪ್ಪುತ್ತದೆ. ಫರ್ಲಾಂಗು ದೂರ ಹೋಗುವಷ್ಟರಲ್ಲಿ ಮತ್ತೆರಡು ತಪ್ಪುತ್ತವೆ. ಕೊನೆಗೆ ಗಾಡಿ ಒಮ್ಮೆ ಸೀನಿ ನಿಂತುಬಿಡುತ್ತದೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇದಕ್ಕೆ ‘ಮಿಸ್ ಹೊಡೆಯುವುದು’ ಎಂದು ಹೆಸರು. ಛಂದಸ್ಸನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನ ಕಿವಿಗೆ ಅದು ಮಾತ್ರೆ ತಪ್ಪಿದ ಷಟ್ಪದಿಯಂತೆ ಕೇಳಿಸುತ್ತದೆ. ಪದ್ಯ ಕುಂಟುತ್ತಿದೆಯೆಂದು ಯಾರಾದರೂ ಹೇಳಬಲ್ಲರು. ಯಾವ ಗಣದಲ್ಲಿ, ಯಾವ ಅಕ್ಷರದಲ್ಲಿ ಕುಂಟುತ್ತಿದೆಯೆಂದು ಹೇಳುವುದಕ್ಕೆ ಮಾತ್ರ ಅಭ್ಯಾಸ ಬೇಕು.

ರಸ್ತೆಯ ಬದಿಯಲ್ಲಿ ನಿಂತ ಗಾಡಿಯ ಸುತ್ತ ನಾಲ್ಕು ಜನ ಸೇರಿದರೆ, ಅವರಲ್ಲಿ ಒಬ್ಬನಾದರೂ ‘ಕಾಯಿಲ್ ಹೋಗಿದೆ’ ಎಂದು ತೀರ್ಪು ಕೊಟ್ಟೇ ಕೊಡುತ್ತಾನೆ. ಕಾಯಿಲ್ ಒಂದು ಮುಚ್ಚಿದ ಡಬ್ಬಿ. ಒಳಗೆ ಏನಿದೆಯೆಂಬುದು ಹೊರಗೆ ಕಾಣದು. ಕಾಣದ ವಸ್ತುವಿನ ಮೇಲೆ ಅಪವಾದ ಹೊರಿಸುವುದು ಲೋಕದಲ್ಲಿ ಬಹಳ ಸುಲಭ. ಆದರೆ ಆ ಡಬ್ಬಿಯ ಹಿಂದೆ ಸುಮಾರು ಎರಡು ನೂರು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಬಲ್ಲವನಿಗೆ ದೋಷವನ್ನು ಹುಡುಕುವ ಕ್ರಮವೂ ತಾನಾಗಿಯೇ ತಿಳಿಯುತ್ತದೆಂಬುದು ನನ್ನ ಅನುಭವ. ಕಿಡಿ ಹುಟ್ಟಿಸುವ ಸಾಧನದಲ್ಲಿ ಇರುವ ಒಂದೊಂದು ಅಂಗವೂ ಒಂದೊಂದು ಕಾಲದಲ್ಲಿ, ಒಂದೊಂದು ಕೊರತೆಯನ್ನು ನೀಗಿಸಲು ಬಂದು ಸೇರಿದುದು. ಅಂಗ ಕೆಟ್ಟರೆ ಹಳೆಯ ಕೊರತೆ ಮರಳಿ ಬರುತ್ತದೆ. ಹಾಗೆ ಮರಳಿ ಬಂದ ಕೊರತೆ ಯಾವ ಕಾಲದ್ದೆಂದು ಗುರುತಿಸಿದರೆ, ಕೆಟ್ಟ ಅಂಗ ಯಾವುದೆಂದು ತಿಳಿದಂತೆಯೇ. ಈ ಮಾತನ್ನು ಓದುಗರ ಮುಂದೆ ವಿವರಿಸುವುದೇ ಈ ಲೇಖನದ ಉದ್ದೇಶ.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

1998ರಲ್ಲಿ ನಾನು ಹೊಸದಾಗಿ ಉಪಾಧ್ಯಾಯನಾಗಿದ್ದೆ. ಮೈಸೂರಿನಿಂದ ತಿರುಮಕೂಡಲು ನರಸೀಪುರದ ಕಡೆಗೆ ದಿನವೂ ಹೋಗಿಬರಬೇಕಾಗಿತ್ತು. ಅದಕ್ಕಾಗಿ ಒಂದು ಹಳೆಯ 250 ಸಿ.ಸಿ. ಗಾಡಿಯನ್ನು ಎರಡನೆಯ ಕೈಯಿಂದ ಕೊಂಡಿದ್ದೆ. ಅದು ವರುಣಾ ಕೆರೆಯ ಹತ್ತಿರ ಬರುತ್ತಲೇ ಮಿಸ್ ಹೊಡೆಯಲು ತೊಡಗುವುದು; ಇನ್ನೊಂದು ಮೈಲಿಗೆ ನಿಲ್ಲುವುದು. ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತು ಎದ್ದರೆ ಏನೂ ಆಗಿಲ್ಲವೆಂಬಂತೆ ಮತ್ತೆ ನಡೆಯುವುದು. ನಾನು ಒಬ್ಬ ಮೆಕ್ಯಾನಿಕ್ಕಿನ ಬಳಿಗೆ ಹೋದೆ. ವಯಸ್ಸಾದ ಮನುಷ್ಯ, ಮಾತು ಕಡಿಮೆ. “ಮೇಷ್ಟ್ರೇ, ಗಾಡಿ ಬಿಸಿ ಇರುವಾಗ ತನ್ನಿ. ತಣ್ಣಗಿರೋ ಗಾಡಿ ಸುಳ್ಳು ಹೇಳುತ್ತೆ” ಎಂದರು. ನನಗೆ ಅವಸರ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕಾಯಿಲ್ ಎಂದಿದ್ದಾರೆ, ಕಾಯಿಲನ್ನೇ ಬದಲಾಯಿಸಿ ಎಂದು ಹಟ ಹಿಡಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಅಂಗಡಿಯಿಂದ ಹೊಸ ಕಾಯಿಲ್ ತರಿಸಿ ಹಾಕಿದರು. ಗಾಡಿ ನಡೆಯಿತು. ಮರುದಿನ ಅದೇ ಕೆರೆಯ ಬಳಿ ಮತ್ತೆ ನಿಂತಿತು. ಅಂದು ಸಂಜೆ ಅವರ ಅಂಗಡಿಗೆ ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿನಲ್ಲಿ, ಹಳೆಯ ಕಾಯಿಲಿಗೆ ಬಣ್ಣ ಬಳಿದು ಹಾಕಿ ಹೊಸದರ ದುಡ್ಡು ತೆಗೆದುಕೊಂಡಿರಿ ಎಂದು ಅಂದುಬಿಟ್ಟೆ. ಅವರು ಉತ್ತರ ಕೊಡಲಿಲ್ಲ. ಕತೆಯ ಉಳಿದ ಭಾಗ ಕೊನೆಗೆ ಬರಲಿ. ಈಗ ಕಿಡಿಯ ಹುಟ್ಟನ್ನು ನೋಡೋಣ.

ಕಿಡಿಯ ಮೂಲಪುರುಷನೆಂದು ಹೇಳತಕ್ಕವನು ಮೈಕೇಲ್ ಫ್ಯಾರಡೇ. ಕಮ್ಮಾರನ ಮಗ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನು ಓದಿಯೇ ವಿಜ್ಞಾನಿಯಾದವನು. 1831ನೆಯ ಇಸವಿ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನು ಒಂದು ಮೆದುಕಬ್ಬಿಣದ ಬಳೆಯ ಎರಡು ಪಕ್ಕಗಳಿಗೆ ಬೇರೆಬೇರೆಯಾಗಿ ತಂತಿ ಸುತ್ತಿದನು. ಒಂದು ಸುತ್ತಿಗೆ ಬ್ಯಾಟರಿಯನ್ನೂ ಇನ್ನೊಂದಕ್ಕೆ ವಿದ್ಯುತ್ತನ್ನು ತೋರಿಸುವ ಸೂಜಿಯನ್ನೂ ಜೋಡಿಸಿದನು. ಬ್ಯಾಟರಿಯಿಂದ ಪ್ರವಾಹ ಸುಮ್ಮನೆ ಹರಿಯುತ್ತಿದ್ದಾಗ ಸೂಜಿ ಅಲುಗಲಿಲ್ಲ. ತಂತಿಯನ್ನು ಸೇರಿಸಿದ ಕ್ಷಣದಲ್ಲಿ ಒಮ್ಮೆ, ಬಿಡಿಸಿದ ಕ್ಷಣದಲ್ಲಿ ಇನ್ನೊಮ್ಮೆ ಹಾರಿತು. ಎರಡು ಸುತ್ತುಗಳಿಗೂ ನಡುವೆ ತಂತಿಯ ಸಂಬಂಧವೇ ಇರಲಿಲ್ಲ. ನಡುವೆ ಇದ್ದುದು ಕಬ್ಬಿಣವೂ ಅದರಲ್ಲಿ ಏಳುವ ಅಯಸ್ಕಾಂತ ಶಕ್ತಿಯೂ ಮಾತ್ರ. ಆ ಶಕ್ತಿ ಏರುವಾಗ ಅಥವಾ ಇಳಿಯುವಾಗ ಎರಡನೆಯ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನಿಂತಲ್ಲಿ ನಿಂತಿದ್ದರೆ ಏನೂ ಇಲ್ಲ.

ಓದುಗರು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮೋಟಾರು ಸೈಕಲ್ಲಿನ ಕಿಡಿ ಹುಟ್ಟುವುದು ಕರೆಂಟು ಹರಿಯುವಾಗಲಲ್ಲ. ಹರಿಯುತ್ತಿದ್ದ ಕರೆಂಟನ್ನು ಥಟ್ಟನೆ ಕತ್ತರಿಸಿದಾಗ. ಕತ್ತರಿಸುವುದು ಎಷ್ಟು ಚುರುಕೋ ಕಿಡಿ ಅಷ್ಟು ಬಲ.

ಫ್ಯಾರಡೇಯ ಬಳೆಯನ್ನು ಕಾಯಿಲ್ ಆಗಿ ಮಾಡಿದ ಕೀರ್ತಿ ಐರ್ಲೆಂಡಿನ ಒಬ್ಬ ಪಾದ್ರಿಗೆ ಸಲ್ಲಬೇಕು. ಮೇನೂತ್ ಎಂಬ ಊರಿನ ಧರ್ಮವಿದ್ಯಾಶಾಲೆಯಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ನಿಕೊಲಾಸ್ ಕ್ಯಾಲನ್ 1836ರಲ್ಲಿ ಕಬ್ಬಿಣದ ತಿರುಳಿನ ಮೇಲೆ ಮೊದಲು ದಪ್ಪ ತಂತಿಯನ್ನೂ ಅದರ ಮೇಲೆ ಬಹು ಉದ್ದವಾದ ತೆಳು ತಂತಿಯನ್ನೂ ಸುತ್ತಿದನು. ಗಡಿಯಾರದ ಬಿಡಿಭಾಗಗಳಿಂದ ಒಂದು ಯಂತ್ರ ಮಾಡಿ, ದಪ್ಪ ತಂತಿಯ ಪ್ರವಾಹವನ್ನು ಮತ್ತೆಮತ್ತೆ ಸೇರಿಸಿ ಕತ್ತರಿಸಿದನು. ತೆಳು ತಂತಿಯ ತುದಿಯಲ್ಲಿ ಭಾರಿ ಒತ್ತಡದ ವಿದ್ಯುತ್ತು ಕಾಣಿಸಿತು. ಅದನ್ನು ಅಳೆಯುವ ಉಪಕರಣ ಆಗ ಇರಲಿಲ್ಲವಾದ್ದರಿಂದ ಮನುಷ್ಯರಿಗೆ ತಗಲುವ ಹೊಡೆತದಿಂದಲೇ ಅಳೆಯಬೇಕಾಗಿತ್ತು. ಹೊಡೆತ ತಿಂದವರು ಪಾಪ, ಅವನ ವಿದ್ಯಾರ್ಥಿಗಳು. ಇಂದು ನಮ್ಮ ಕಾಯಿಲಿನ ಡಬ್ಬಿಯಲ್ಲಿರುವುದೂ ಇದೇ ಏರ್ಪಾಡು: ದಪ್ಪ ತಂತಿ ಕೆಲವು ನೂರು ಸುತ್ತು, ತೆಳು ತಂತಿ ಹಲವು ಸಾವಿರ ಸುತ್ತು. ಒಂದು ಕಡೆ 6 ವೋಲ್ಟ್ ಕೊಟ್ಟು ಕತ್ತರಿಸಿದರೆ ಇನ್ನೊಂದು ಕಡೆ ಹತ್ತಾರು ಸಾವಿರ ವೋಲ್ಟ್ ಏಳುತ್ತದೆ.

ಆದರೆ ಕೀರ್ತಿ ಕ್ಯಾಲನ್ನನಿಗೆ ಬಹುಕಾಲ ದೊರೆಯಲಿಲ್ಲ. ಪ್ಯಾರಿಸ್ಸಿನಲ್ಲಿ ಉಪಕರಣಗಳನ್ನು ಮಾಡಿ ಮಾರುತ್ತಿದ್ದ ಜರ್ಮನ್ ಮೂಲದ ಹೈನ್ರಿಕ್ ರೂಮ್‌ಕಾರ್ಫ್ 1851ರಲ್ಲಿ ಇಂಥದೇ ಕಾಯಿಲನ್ನು ಮಾಡಿ ಹೆಸರು ಪಡೆದನು. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಅವನಿಗೆ 50,000 ಫ್ರಾಂಕುಗಳ ಬಹುಮಾನವೂ ಬಂದಿತು. ಲೋಕವೆಲ್ಲ ಅದನ್ನು ‘ರೂಮ್‌ಕಾರ್ಫ್ ಕಾಯಿಲ್’ ಎಂದೇ ಕರೆಯಿತು. ಕ್ಯಾಲನ್ನನ ಹಕ್ಕನ್ನು ವಿದ್ವಾಂಸರು ಎತ್ತಿ ಹೇಳಿದ್ದು 20ನೆಯ ಶತಮಾನದಲ್ಲಿ. ಇದರಿಂದ ರೂಮ್‌ಕಾರ್ಫನ ಹೆಚ್ಚುಗಾರಿಕೆ ಕಡಿಮೆಯಾಗದು. ತೆಳು ತಂತಿಯ ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ವಿದ್ಯುತ್ತು ಹಾರಿ ನಷ್ಟವಾಗದಂತೆ ಮರೆ ಕಟ್ಟುವುದರಲ್ಲಿ, ಅಂದರೆ ಇನ್ಸುಲೇಷನ್ನಿನಲ್ಲಿ, ಅವನ ಕೈ ಪಳಗಿತ್ತು. ಕಾಯಿಲ್ ಕೆಡುವುದೆಂದರೆ ಬಹುಮಟ್ಟಿಗೆ ಈ ಮರೆ ಕೆಡುವುದೇ.

ಇನ್ನೊಂದು ಕೊರತೆ ಉಳಿದಿತ್ತು. ಪ್ರವಾಹವನ್ನು ಕತ್ತರಿಸುವಾಗ ಕತ್ತರಿಸುವ ಬಾಯಿಯಲ್ಲಿಯೇ ಒಂದು ಕಿಡಿ ಏಳುತ್ತಿತ್ತು. ಆ ಕಿಡಿಯ ಸೇತುವೆಯ ಮೇಲೆ ಪ್ರವಾಹ ಇನ್ನೂ ಸ್ವಲ್ಪ ಕಾಲ ನುಸುಳಿ ಹೋಗುವುದರಿಂದ ಕತ್ತರಿಕೆ ಚುರುಕಾಗಿ ಆಗುತ್ತಿರಲಿಲ್ಲ. ಬಾಯಿಯ ಲೋಹ ಸುಟ್ಟುಹೋಗುತ್ತಿತ್ತು. ಬೇಕಾದ ಕಡೆ ಕಿಡಿ ಬಡವಾಗುತ್ತಿತ್ತು. 1853ರಲ್ಲಿ ಫ್ರಾನ್ಸಿನ ವಿಜ್ಞಾನಿ ಫಿಜೋ ಎಂಬವನು ಕತ್ತರಿಸುವ ಬಾಯಿಗೆ ಅಡ್ಡಲಾಗಿ ಒಂದು ಕಂಡೆನ್ಸರನ್ನು ಜೋಡಿಸಿದನು. ಉಕ್ಕಿಬರುವ ವಿದ್ಯುತ್ತನ್ನು ಅದು ಕ್ಷಣಕಾಲ ತನ್ನೊಳಗೆ ತುಂಬಿಕೊಂಡು ಬಾಯಿಯ ಕಿಡಿಯನ್ನು ಅಡಗಿಸಿತು. ತುಂಬಿದ ಕೆರೆಯ ಕೋಡಿ ಏರಿಯನ್ನು ಉಳಿಸುವಂತೆ ಎಂದು ತಿಳಿಯಿರಿ. ಅಂದಿನಿಂದ ಕಾಯಿಲಿಗೂ ಕಂಡೆನ್ಸರಿಗೂ ಬಿಡದ ನಂಟು.

ಹೀಗೆ ಪ್ರಯೋಗಶಾಲೆಯಲ್ಲಿ ಬೆಳೆದ ಕಿಡಿ ಎಂಜಿನ್ನಿಗೆ ಬಂದದ್ದು 1860ರಲ್ಲಿ. ಪ್ಯಾರಿಸ್ಸಿನಲ್ಲಿ ಲೆನ್ವಾರ್ ಎಂಬವನು ತನ್ನ ಗ್ಯಾಸ್ ಎಂಜಿನ್ನಿಗೆ ರೂಮ್‌ಕಾರ್ಫ್ ಕಾಯಿಲಿನಿಂದ ಬೆಂಕಿ ಕೊಟ್ಟನು. ಆದರೂ ಜನರಿಗೆ ಕಿಡಿಯಲ್ಲಿ ನಂಬಿಕೆ ಸುಲಭವಾಗಿ ಬರಲಿಲ್ಲ. 1885ರಲ್ಲಿ ಡೈಮ್ಲರ್ ಮತ್ತು ಮೇಬಾಖ್ ಇಬ್ಬರೂ ಜರ್ಮನಿಯ ಕಾನ್‌ಸ್ಟಾಟ್ ಎಂಬಲ್ಲಿ ನಿರ್ಮಿಸಿದ, ಮೊದಲನೆಯ ಪೆಟ್ರೋಲ್ ಮೋಟಾರು ಸೈಕಲ್ಲೆಂದು ಹೇಳಲಾಗುವ ಗಾಡಿಯಲ್ಲಿ ಕಿಡಿಯೇ ಇರಲಿಲ್ಲ. ಹೊರಗಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿದ ಒಂದು ಕೊಳವೆ ಒಳಗಿನ ಅನಿಲವನ್ನು ಉರಿಸುತ್ತಿತ್ತು. ಅದೇ ಕಾಲದಲ್ಲಿ ತನ್ನ ಮೂರು ಚಕ್ರದ ಗಾಡಿಯನ್ನು ಕಟ್ಟುತ್ತಿದ್ದ ಕಾರ್ಲ್ ಬೆನ್ಜ್ ಮಾತ್ರ ಬ್ಯಾಟರಿ ಮತ್ತು ಕಾಯಿಲನ್ನೇ ಆರಿಸಿಕೊಂಡನು. ಬಿಸಿ ಕೊಳವೆಗೆ ಹೊತ್ತು ಗೊತ್ತಿಲ್ಲ. ಎಂಜಿನ್ ವೇಗವಾಗಿ ತಿರುಗಿದಷ್ಟೂ ಅದು ಎಡವುತ್ತಿತ್ತು. 1895ರ ಹೊತ್ತಿಗೆ ಫ್ರಾನ್ಸಿನ ದ ದಿಯೋಂ ಮತ್ತು ಬೂತೋಂ ಇಬ್ಬರೂ ತಮ್ಮ ಪುಟ್ಟ ಎಂಜಿನ್ನಿನ ಅಚ್ಚಿಗೇ ಕತ್ತರಿಸುವ ಬಾಯಿಯನ್ನು ಜೋಡಿಸಿ, ಬೇಕಾದ ಗಳಿಗೆಗೆ ಸರಿಯಾಗಿ ಕಿಡಿ ಬೀಳುವಂತೆ ಮಾಡಿದರು. ಎಂಜಿನ್ನಿನ ವೇಗ ಒಮ್ಮೆಲೇ ಹೆಚ್ಚಿತು. ನಮ್ಮ ಗಾಡಿಯಲ್ಲಿ ‘ಪಾಯಿಂಟು’ ಎಂದು ಕರೆಯುವ ಅಂಗದ ಅಜ್ಜ ಅದು.

ಆಗಿನ ಬ್ಯಾಟರಿಗಳು ದಾರಿಯಲ್ಲಿ ಕೈಕೊಡುತ್ತಿದ್ದವು. ಆದ್ದರಿಂದ ಬ್ಯಾಟರಿಯೇ ಬೇಡದ ಮ್ಯಾಗ್ನೆಟೋ ಮೆರೆಯಿತು. ಜರ್ಮನಿಯ ರಾಬರ್ಟ್ ಬಾಷನ ಕಾರ್ಖಾನೆಯಲ್ಲಿ ಹೊನೋಲ್ಡ್ ಎಂಬ ಎಂಜಿನಿಯರನು 1902ರಲ್ಲಿ ಭಾರಿ ಒತ್ತಡದ ಮ್ಯಾಗ್ನೆಟೋವನ್ನೂ ಅದಕ್ಕೆ ಒಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದನು. ಮುಂದೆ ಗಾಡಿಗಳಿಗೆ ವಿದ್ಯುದ್ದೀಪಗಳೂ ಡೈನಮೋಗಳೂ ಬಂದಮೇಲೆ ಬ್ಯಾಟರಿ ಮರಳಿ ಬಂದಿತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ-ಕಾಯಿಲ್ ಏರ್ಪಾಡು 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಅದಕ್ಕೆ ಮುಂಚಿನ ಕಾಯಿಲುಗಳು ಜೇನುಹುಳದಂತೆ ಗುಂಯ್‌ಗುಟ್ಟುತ್ತ ಕಿಡಿಗಳ ಮಳೆಯನ್ನೇ ಸುರಿಸುತ್ತಿದ್ದವು. ಕೆಟರಿಂಗನ ಏರ್ಪಾಡಿನಲ್ಲಿ ಒಂದು ಹೊಡೆತಕ್ಕೆ ಒಂದೇ ಕಿಡಿ, ಆದರೆ ಸರಿಯಾದ ಹೊತ್ತಿಗೆ. ಮುಂದಿನ ಐವತ್ತು ಅರವತ್ತು ವರ್ಷ ಲೋಕದ ಬಹುಪಾಲು ಕಾರುಗಳೂ ಅನೇಕ ಮೋಟಾರು ಸೈಕಲ್ಲುಗಳೂ ಇದನ್ನೇ ನೆಚ್ಚಿ ನಡೆದವು.

ಈ ವಂಶದ ಒಂದು ಕೊಂಬೆ ನಮ್ಮ ಮೈಸೂರಿಗೂ ಚಾಚಿತು. ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ಲುಗಳ ಹಕ್ಕನ್ನು ಕೊಂಡನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು; ಸಂಧಿ ಸಮಾಸಗಳಲ್ಲಿ ಮುಳುಗಿರುವ ನಮ್ಮಂಥವರಿಗೆ ಇದೊಂದು ಮೆಚ್ಚುವಂಥ ಪದರಚನೆ. ರುಸ್ತುಂ ಇರಾನಿ, ಫರೋಖ್ ಇರಾನಿ ಎಂಬವರು 1960ರಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಮರುವರ್ಷದಿಂದಲೇ ಜಾವಾ ಗಾಡಿಗಳು ಹೊರಬಿದ್ದವು. 1973ರಿಂದ ಅವುಗಳಿಗೆ ‘ಯೆಜ್ಡಿ’ ಎಂಬ ಹೆಸರಾಯಿತು. ಇರಾನಿನ ಯಜ್ದ್ ನಗರದಿಂದ ಬಂದ ಹೆಸರೆಂದು ಹೇಳುವರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹಾಗಿದ್ದರೂ ಮೈಸೂರಿನ ಬೀದಿಗಳಲ್ಲಿ ಆ ಜೋಡಿ ಕೊಳವೆಗಳ ಸದ್ದು ಇನ್ನೂ ಅಡಗಿಲ್ಲ. ಆ ಕಾರ್ಖಾನೆಯಲ್ಲಿ ದುಡಿದ ಕೈಗಳಿಂದಲೂ ಆ ಗಾಡಿಗಳನ್ನು ರಿಪೇರಿ ಮಾಡಿದ ಗ್ಯಾರೇಜುಗಳಿಂದಲೂ ಈ ಊರಿನಲ್ಲಿ ಒಂದು ವಿದ್ಯೆ ಬೆಳೆಯಿತು.

ಹಳೆಯ ಜಾವಾದಲ್ಲಿ ಕೆಟರಿಂಗನ ಏರ್ಪಾಡೇ ಚಿಕ್ಕ ರೂಪದಲ್ಲಿದೆ: 6 ವೋಲ್ಟಿನ ಬ್ಯಾಟರಿ, ಬೀಗದ ಕೈ, ಕಾಯಿಲ್, ಪಾಯಿಂಟು, ಕಂಡೆನ್ಸರ್, ಪ್ಲಗ್. ಎರಡು ಹೊಡೆತದ ಎಂಜಿನ್ ಆದ್ದರಿಂದ ಅಚ್ಚಿನ ಒಂದೊಂದು ಸುತ್ತಿಗೂ ಒಂದೊಂದು ಕಿಡಿ ಬೇಕು. ನಿಮಿಷಕ್ಕೆ 4,500 ಸುತ್ತು ತಿರುಗುವಾಗ ಸೆಕೆಂಡಿಗೆ 75 ಕಿಡಿ. ಅವುಗಳಲ್ಲಿ ಒಂದು ತಪ್ಪಿದರೂ ಕಿವಿಗೆ ತಿಳಿಯುತ್ತದೆ.

ಇನ್ನು ಪರೀಕ್ಷೆಯ ವಿಷಯ. ಗಾಡಿ ನಿಂತಾಗ ಮೊದಲು ಕೇಳಬೇಕಾದ ಪ್ರಶ್ನೆ: ಇದು ಗಾಳಿಗೆ ಆರಿದ ದೀಪವೋ, ಎಣ್ಣೆ ತೀರಿ ಆರಿದ ದೀಪವೋ? ಕಿಡಿ ತಪ್ಪಿದ ಎಂಜಿನ್ ಸಾಮಾನ್ಯವಾಗಿ ಥಟ್ಟನೆ ಕಡಿದಂತೆ ಬಡಿತ ಬಿಡುತ್ತದೆ, ಮತ್ತೆ ಥಟ್ಟನೆ ಹಿಡಿಯುತ್ತದೆ. ಪೆಟ್ರೋಲ್ ಸಾಲದ ಎಂಜಿನ್ ಕ್ರಮೇಣ ಸೊರಗುತ್ತದೆ. ಇಲ್ಲಿ ಒಂದು ಮೋಸವುಂಟು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಅದು ಕೊಳೆಯಿಂದ ಮುಚ್ಚಿಹೋದರೆ ಗಾಡಿ ಕೆಲವು ಮೈಲಿ ನಡೆದು ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನಡೆಯುತ್ತದೆ. ಬಿಸಿಗೆ ಸೋಲುವ ಕಾಯಿಲಿನ ನಡತೆಯೂ ಹಾಗೆಯೇ. ಆದ್ದರಿಂದ ನಿಂತ ಕೂಡಲೇ ಮುಚ್ಚಳವನ್ನು ತೆರೆದು ನೋಡಿರಿ. ಗಾಳಿ ಸುಯ್ಯೆಂದು ಒಳಗೆಳೆದುಕೊಂಡು ಗಾಡಿ ಒಡನೆ ಎದ್ದರೆ ಕಾಯಿಲ್ ನಿರಪರಾಧಿ.

ಅದು ಅಲ್ಲವೆಂದಾದರೆ ಪ್ಲಗ್ಗನ್ನು ಬಿಚ್ಚಿರಿ. ಎರಡು ಹೊಡೆತದ ಗಾಡಿಯಲ್ಲಿ ಪೆಟ್ರೋಲಿನೊಂದಿಗೆ ಎಣ್ಣೆಯೂ ಉರಿಯುವುದರಿಂದ ಮಸಿಯ ಒಂದು ಎಳೆ ಪ್ಲಗ್ಗಿನ ಎರಡು ತುದಿಗಳ ನಡುವೆ ಅಡ್ಡ ಬಿದ್ದು ಕಿಡಿಯ ದಾರಿಯನ್ನೇ ಕಟ್ಟಿಬಿಡುತ್ತದೆ. ಶುಚಿ ಮಾಡಿ, ತುದಿಗಳ ನಡುವೆ ಸುಮಾರು 0.6 ಮಿಲಿಮೀಟರ್ ಬಿಟ್ಟು, ಪ್ಲಗ್ಗಿನ ಮೈಯನ್ನು ಎಂಜಿನ್ನಿನ ಲೋಹಕ್ಕೆ ಒತ್ತಿ ಕಿಕ್ ಮಾಡಿ ನೋಡಿರಿ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲಿನ ಹಬೆ ಬರುತ್ತಿರುತ್ತದೆ. ಕಿಡಿಯನ್ನು ಅದರಿಂದ ದೂರ ಇರಿಸಬೇಕು. ನೀಲಿಯಾಗಿ, ಚಟ್ಟೆಂದು ಸದ್ದು ಮಾಡುವ ಕಿಡಿ ಆರೋಗ್ಯದ್ದು. ಹಳದಿಯಾಗಿ ಎಳೆಯಂತೆ ನಡುಗುವುದು ಬಡವು.

ಕಿಡಿ ಕಂಡಿತೆಂದು ಅಲ್ಲಿಗೇ ನಿಲ್ಲಿಸಬಾರದು. ಪಾಶೆನ್ ಎಂಬ ಜರ್ಮನ್ ವಿಜ್ಞಾನಿ 1889ರಲ್ಲಿ ಪ್ರಕಟಿಸಿದ ಒಂದು ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದರ ತಾತ್ಪರ್ಯವೇನೆಂದರೆ, ಇಲ್ಲಿಯಂಥ ಸಂದರ್ಭದಲ್ಲಿ, ಗಾಳಿಯನ್ನು ಒತ್ತಿ ಗಟ್ಟಿಮಾಡಿದಷ್ಟೂ ಅದರ ಮೂಲಕ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕು. ಸಿಲಿಂಡರಿನ ಒಳಗೆ ಗಾಳಿ ಒತ್ತಿಹೋಗಿರುತ್ತದೆ. ಬಯಲಿನಲ್ಲಿ ಹಾರಿದ ಕಿಡಿ ಅಲ್ಲಿ ಹಾರದೆ ಇರಬಹುದು. ಮನೆಯಲ್ಲಿ ಪದ್ಯ ಒಪ್ಪಿಸುವ ಹುಡುಗ ಇನ್‌ಸ್ಪೆಕ್ಟರರ ಎದುರಿಗೆ ತೊದಲುವುದಿಲ್ಲವೇ? ಆದ್ದರಿಂದ ಕಾಯಿಲಿನಿಂದ ಬರುವ ದಪ್ಪ ವಯರಿನ ತುದಿಯನ್ನು, ಒಣಗಿದ ಮರದ ಚಿಮಟದಿಂದಲೋ ರಬ್ಬರು ಹಿಡಿಯ ಇಕ್ಕಳದಿಂದಲೋ ಹಿಡಿದು, ಎಂಜಿನ್ನಿನ ಲೋಹದಿಂದ 6 ಮಿಲಿಮೀಟರ್ ದೂರವಿಟ್ಟು ಕಿಕ್ ಮಾಡಬೇಕು. ಅಷ್ಟು ದೂರ ಹಾರಿದರೆ ಕಾಯಿಲಿನ ಮೇಲಿನ ಸಂಶಯ ಬಹುಮಟ್ಟಿಗೆ ತೀರಿತು. ದೋಷ ಪ್ಲಗ್ಗಿನಲ್ಲಿಯೋ ಅದರ ಟೋಪಿಯಲ್ಲಿಯೋ ಇದೆ. ಇದೇ ವಯರನ್ನು ಕತ್ತಲಲ್ಲಿ, ಎಂಜಿನ್ ನಡೆಯುವಾಗ ನೋಡುವುದೂ ಒಳ್ಳೆಯದು. ರಬ್ಬರು ಬಿರಿದ ಕಡೆ ನೀಲಿಯ ಮಿಣುಕು ಕಂಡರೆ ಕಳ್ಳ ಅಲ್ಲಿದ್ದಾನೆ.

ಕಿಡಿ ಬಡವಾಗಿದ್ದರೆ ಪಾಯಿಂಟಿಗೆ ಬರಬೇಕು. ಅದು ಪೂರ್ತಿ ತೆರೆದಾಗ ಸುಮಾರು 0.4 ಮಿಲಿಮೀಟರ್ ಸಂದು ಇರಬೇಕು. ಎಣ್ಣೆ ಸೋರಿ ಕಪ್ಪಾಗಿದ್ದರೆ ದಪ್ಪ ಕಾಗದವನ್ನು ಪೆಟ್ರೋಲಿನಲ್ಲಿ ಅದ್ದಿ ಒರಸಿ, ಆ ಹಬೆ ಆರುವವರೆಗೆ ಕಾಯಬೇಕು. ಆಮೇಲೆ ಬೀಗದ ಕೈ ತಿರುಗಿಸಿ, ಮುಚ್ಚಿರುವ ಪಾಯಿಂಟನ್ನು ಮರದ ಕಡ್ಡಿಯಿಂದ ತೆರೆದು ನೋಡಿರಿ. ಸೂಜಿಯ ಮೊನೆಯಷ್ಟು ಕಿಡಿ ಕಂಡರೆ ಸಹಜ. ಬಿಳಿಯಾದ ದೊಡ್ಡ ಕಿಡಿ ಚಟಚಟನೆ ಹಾರಿದರೆ, ಪಾಯಿಂಟಿನ ಒಂದು ಮುಖ ಗುಳಿ ಬಿದ್ದು ಇನ್ನೊಂದು ಮುಖ ಗುಡ್ಡವಾಗಿದ್ದರೆ, ಕಂಡೆನ್ಸರಿನ ಮೇಲೆ ಸಂಶಯ ಪಡಬೇಕು. ಅಂಥ ಗಾಡಿ ಫಿಜೋವಿನ ಹಿಂದಿನ ಕಾಲಕ್ಕೆ, ಅಂದರೆ 1853ಕ್ಕೆ ಮುಂಚಿನ ಕಾಲಕ್ಕೆ ಹೋಗಿಬಿಟ್ಟಿದೆ. ಉಪ್ಪು ಕಾಗದದಿಂದ ಪಾಯಿಂಟನ್ನು ಎಷ್ಟು ಉಜ್ಜಿದರೂ ನಾಲ್ಕು ದಿನದ ಮಾತು.

ಪಾಯಿಂಟಿನಲ್ಲಿ ಕಿಡಿಯೇ ಇಲ್ಲದಿದ್ದರೆ ಹಿಂದಕ್ಕೆ ಹೋಗಬೇಕು. ಒಂದು 6 ವೋಲ್ಟಿನ ಬಲ್ಬಿನ ಒಂದು ತಂತಿಯನ್ನು ಗಾಡಿಯ ಮೈಗೂ ಇನ್ನೊಂದನ್ನು ಕಾಯಿಲಿಗೆ ಕರೆಂಟು ಬರುವ ತುದಿಗೂ ಮುಟ್ಟಿಸಿರಿ. ಬಲ್ಬು ಮಂಕಾಗಿದ್ದರೆ ಬ್ಯಾಟರಿ, ಬೀಗದ ಕೈ, ಸಡಿಲವಾದ ಅರ್ತ್ ವಯರು ಇವುಗಳನ್ನು ನೋಡಬೇಕು. 6 ವೋಲ್ಟಿನ ಬಡತನದಲ್ಲಿ ಅರ್ಧ ವೋಲ್ಟ್ ಸೋರಿದರೂ ನಷ್ಟವೇ. ಬ್ಯಾಟರಿಯಿಂದ ನೇರವಾಗಿ ಒಂದು ವಯರನ್ನು ಕಾಯಿಲಿಗೆ ಎಳೆದಾಗ ಮಿಸ್ ನಿಂತುಹೋದರೆ ದೋಷ ನಡುವಿನ ದಾರಿಯಲ್ಲಿದೆ. ಆಗ ಬೀಗದ ಕೈ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ, ಆ ವಯರನ್ನೇ ತೆಗೆಯಬೇಕು ಎಂಬುದನ್ನು ಮರೆಯಬಾರದು.

ಕಾಯಿಲಿನ ಸರದಿ ಬರುವುದು ಇವೆಲ್ಲ ಆದಮೇಲೆ. ಮೀಟರಿನಿಂದ ಅಳೆದರೆ 6 ವೋಲ್ಟಿನ ಕಾಯಿಲಿನ ದಪ್ಪ ತಂತಿ ಒಂದೆರಡು ಓಮ್ ತೋರಿಸುತ್ತದೆ. ತೆಳು ತಂತಿ ಹಲವು ಸಾವಿರ ಓಮ್. ತಣ್ಣಗಿದ್ದಾಗ ಸರಿಯಾಗಿ ಕಂಡ ಕಾಯಿಲ್ ಬಿಸಿಯಾದಾಗ ಒಳಗಿನ ಮರೆ ಸಡಿಲಿ ಸೋಲಬಹುದು. ಆದ್ದರಿಂದ ಗಾಡಿ ನಿಂತ ಕೂಡಲೇ, ಬಿಸಿ ಆರುವುದಕ್ಕೆ ಮುಂಚೆಯೇ ಪರೀಕ್ಷೆ ಮಾಡಬೇಕು. ಇನ್ನೊಂದು ಎಚ್ಚರಿಕೆ: ಎಂಜಿನ್ ನಿಂತಿರುವಾಗ ಬೀಗದ ಕೈಯನ್ನು ತಿರುಗಿಸಿಯೇ ಬಿಟ್ಟರೆ, ಪಾಯಿಂಟು ಮುಚ್ಚಿದ್ದಲ್ಲಿ ಕರೆಂಟು ಎಡೆಬಿಡದೆ ಹರಿದು ಕಾಯಿಲನ್ನು ಬೇಯಿಸುತ್ತದೆ. ಅನೇಕ ಕಾಯಿಲುಗಳು ಸತ್ತಿರುವುದು ಮುಪ್ಪಿನಿಂದಲ್ಲ, ನಮ್ಮ ಮರವೆಯಿಂದ.

ನಮ್ಮ ಶಾಸ್ತ್ರಗಳನ್ನು ಓದಿದವರಿಗೆ ಕಾಕತಾಳೀಯ ನ್ಯಾಯ ಗೊತ್ತಿದೆ. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು. ಕಾಗೆಯೇ ಬೀಳಿಸಿತೆಂದು ನೋಡಿದವರು ಅಂದರು. ಬಿಸಿಗೆ ನಿಂತ ಗಾಡಿಗೆ ಹೊಸ ಕಾಯಿಲ್ ಹಾಕಲು ಒಂದು ಗಂಟೆ ಹಿಡಿಯಿತು. ಆ ಗಂಟೆಯಲ್ಲಿ ಎಂಜಿನ್ ತಣ್ಣಗಾಯಿತು. ಗಾಡಿ ಎದ್ದದ್ದು ತಂಪಿನಿಂದ, ಕೀರ್ತಿ ಕಾಯಿಲಿಗೆ. ಮರುದಿನ ಮತ್ತೆ ನಿಂತಾಗ ಅಪಕೀರ್ತಿ ಮೆಕ್ಯಾನಿಕ್ಕಿಗೆ. 1998ರಲ್ಲಿ ನಾನು ಮಾಡಿದ್ದು ಇದನ್ನೇ. ತರಗತಿಯಲ್ಲಿ ಆ ನ್ಯಾಯವನ್ನು ಉದಾಹರಣೆ ಸಹಿತ ವಿವರಿಸುತ್ತಿದ್ದವನು, ಬೀದಿಯಲ್ಲಿ ಕಾಗೆಯನ್ನು ನಂಬಿದೆ.

ಇದರಿಂದ ಪಾರಾಗುವ ಉಪಾಯವನ್ನೂ ತಾರ್ಕಿಕರೇ ಹೇಳಿದ್ದಾರೆ. ಅದು ಇದ್ದಲ್ಲಿ ಇದು ಇರುವುದು ಅನ್ವಯ. ಅದು ಇಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಲ್ಲದೆ ಕಾರಣ ಸಿದ್ಧವಾಗದು. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ, ಒಂದು ಸಲಕ್ಕೆ ಒಂದೇ ಅಂಗವನ್ನು ಬದಲಾಯಿಸಬೇಕು. ದೋಷ ಹೋದಮೇಲೆ ಹಳೆಯದನ್ನು ಮತ್ತೆ ಹಾಕಿ ದೋಷ ಮರಳುವುದೇ ಎಂದು ನೋಡಬೇಕು. ಎರಡು ಸಿಲಿಂಡರಿನ 350 ಸಿ.ಸಿ. ಗಾಡಿ ಇದ್ದವರಿಗೆ ಇದು ಇನ್ನೂ ಸುಲಭ. ಅದರಲ್ಲಿ ಎರಡು ಕಾಯಿಲ್ ಇರುತ್ತವೆ. ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದಾಗ ಮಿಸ್ ಕೂಡ ಪಕ್ಕ ಬದಲಾಯಿಸಿದರೆ ದೋಷ ಕಾಯಿಲಿನದು. ಇದ್ದಲ್ಲಿಯೇ ಉಳಿದರೆ ಬೇರೆಯದರದು. ಕಾಸು ಖರ್ಚಿಲ್ಲ.

ನನ್ನ ಗಾಡಿಯ ಕತೆಗೆ ಬರುತ್ತೇನೆ. ಎರಡು ತಿಂಗಳು ಹೀಗೆಯೇ ನರಳಿದ ಮೇಲೆ, ಒಂದು ಸಂಜೆ ಮಬ್ಬುಗತ್ತಲಲ್ಲಿ ಅದೇ ವರುಣಾ ಕೆರೆಯ ಬಳಿ ಗಾಡಿ ನಿಂತಿತು. ಆ ಮುದುಕರ ಮಾತು ನೆನಪಾಗಿ, ಬಿಸಿಯಿರುವಾಗಲೇ ಪಕ್ಕದ ಮುಚ್ಚಳ ಬಿಚ್ಚಿ ಪಾಯಿಂಟನ್ನು ಕಡ್ಡಿಯಿಂದ ತೆರೆದೆ. ಬಿಳಿಯ ಕಿಡಿ ನನ್ನ ಮುಖವನ್ನೇ ಬೆಳಗಿತು. ಸಹೋದ್ಯೋಗಿಯೊಬ್ಬರ ಗಾಡಿಯಿಂದ ಕಂಡೆನ್ಸರನ್ನು ಎರವಲು ತಂದು ಹಾಕಿದೆ. ಮೂರು ದಿನ ಎಲ್ಲಿಯೂ ನಿಲ್ಲಲಿಲ್ಲ. ನಾಲ್ಕನೆಯ ದಿನ ಹಳೆಯ ಕಂಡೆನ್ಸರನ್ನೇ ಮತ್ತೆ ಹಾಕಿದೆ. ಕೆರೆಯ ಬಳಿ ನಿಂತಿತು. ಆಮೇಲೆ ಹೊಸ ಕಂಡೆನ್ಸರಿನೊಂದಿಗೆ, ಕೆಟ್ಟಿದೆಯೆಂದು ಮೂಲೆಗೆ ಎಸೆದಿದ್ದ ಹಳೆಯ ಕಾಯಿಲನ್ನು ಹಾಕಿದೆ. ಆ ಕಾಯಿಲ್ ಮುಂದೆ ಒಂಬತ್ತು ವರ್ಷ ನಡೆಯಿತು.

ಮೆಕ್ಯಾನಿಕ್ಕಿನ ಅಂಗಡಿಗೆ ಹೋಗಲು ನನಗೆ ಒಂದು ವಾರ ಧೈರ್ಯ ಬರಲಿಲ್ಲ. ಕೊನೆಗೆ ಹೋದೆ. ನಡೆದುದನ್ನು ಹೇಳಿ, ತಪ್ಪು ನನ್ನದೆಂದೆ. ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡದೆಯೇ ಕೇಳಿದರು: “ಬಿಸಿ ಇರುವಾಗ ನೋಡಿದಿರಾ?” ಹೌದೆಂದೆ. “ಹಾಗಾದ್ರೆ ಸರಿ ಬಿಡಿ, ಮೇಷ್ಟ್ರೇ” ಎಂದು ಕೆಲಸ ಮುಂದುವರಿಸಿದರು. ಆದರೆ ಆ ಎರಡು ತಿಂಗಳಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಜನರಿಗೆ ಅವರ ಮೇಲೆ ದೂರು ಹೇಳಿದ್ದೆನೋ, ಆ ಮಾತು ಅಲ್ಲಿಂದ ಎಷ್ಟು ಮನೆಗಳಿಗೆ ಹೋಗಿತ್ತೋ ಲೆಕ್ಕವಿಲ್ಲ. ಅಷ್ಟು ಜನರನ್ನೂ ಹುಡುಕಿ ಸರಿಪಡಿಸುವುದು ಸಾಧ್ಯವಾಗಲಿಲ್ಲ. ಹೀಗೆ ಅಚ್ಚಿನಲ್ಲಿ ಒಪ್ಪಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಕಾಲ ಮುಂದೆ ಹೋಗಿದೆ. 1969ರಲ್ಲಿ ಜಪಾನಿನ ಕವಾಸಾಕಿ ಕಂಪೆನಿಯ ಮೂರು ಸಿಲಿಂಡರಿನ ಗಾಡಿಯಲ್ಲಿ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಸಾಧನ ಬಂದಿತು; ಇಂದಿನ ಹೊಸ ಗಾಡಿಗಳಲ್ಲಿ ಪಾಯಿಂಟು ಹುಡುಕಿದರೂ ಸಿಗದು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಕತ್ತರಿಸುವ ಬಾಯಿ ಮರೆಯಾದರೂ ಕಾಯಿಲ್ ಹೋಗಿಲ್ಲ. ಕ್ಯಾಲನ್ ಪಾದ್ರಿಯ ದಪ್ಪ ತಂತಿ, ತೆಳು ತಂತಿ ಅದರೊಳಗೆ ಇನ್ನೂ ಕುಳಿತಿವೆ. ಹಳೆಯ ಗಾಡಿಯನ್ನು ಉಳಿಸಿಕೊಂಡಿರುವ ಓದುಗರಲ್ಲಿ ನನ್ನದೊಂದು ಬಿನ್ನಹ. ಮಿಸ್ ಹೊಡೆದ ದಿನ ಯಾರನ್ನೂ ಬಯ್ಯಬೇಡಿ. ಒಂದು ಚಿಕ್ಕ ಪುಸ್ತಕದಲ್ಲಿ ಎಷ್ಟು ದೂರಕ್ಕೆ, ಎಷ್ಟು ಬಿಸಿಲಿಗೆ, ಹೇಗೆ ನಿಂತಿತೆಂದು ಬರೆದಿಡಿ. ಸುಲಭವಾದುದನ್ನು ಮೊದಲು ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನಿಮ್ಮ ಊರಿನಲ್ಲಿ ಪಾಯಿಂಟಿನ ಸಂದನ್ನು ಕಣ್ಣಳತೆಯಲ್ಲಿ ಇಡಬಲ್ಲ ಹಿರಿಯರು ಇನ್ನೂ ಇದ್ದರೆ, ಗಾಡಿ ಬಿಸಿ ಇರುವಾಗಲೇ ಅವರ ಬಳಿಗೆ ಹೋಗಿ, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.